ಲಕ್ವಾ ನಂತರದ ಮಾತಿನ ತಡೆ: 42 ಸ್ಕ್ಯಾನ್ ಇಟ್ಟುಕೊಂಡು ಲೀಶನ್ ಮ್ಯಾಪಿಂಗ್ ಮಾಡಬಹುದಾ?

ತೋಳನಕೆರೆ

ನಮಸ್ಕಾರ. ಸ್ಪೀಚ್ ಪೆಥಾಲಜಿ ಎಂ.ಎಸ್ಸಿ. ಡಿಸರ್ಟೇಶನ್‌ನ ಪ್ರಶ್ನೆ, ಸ್ವಲ್ಪ ಉದ್ದ ಇದೆ. ಲೀಶನ್ ಮ್ಯಾಪಿಂಗ್ ಅಂದರೆ ಮಿದುಳಿನ ಯಾವ ಭಾಗಕ್ಕೆ ಪೆಟ್ಟು (ಲೀಶನ್) ಬಿದ್ದರೆ ಯಾವ ತೊಂದರೆ ಬರುತ್ತದೆ ಎಂದು ಸ್ಕ್ಯಾನ್‌ಗಳಿಂದ ಹುಡುಕುವುದು.

ಎಡ ಮಿದುಳಿಗೆ ಸ್ಟ್ರೋಕ್ ಆದ 42 ಜನರ ದಾಖಲೆ ಕೈಯಲ್ಲಿದೆ. ಹೆಚ್ಚಿನವರು ಹುಬ್ಬಳ್ಳಿ-ಧಾರವಾಡದವರು, ಉಳಿದವರು ಕಲಘಟಗಿ, ನವಲಗುಂದ, ಶಿಗ್ಗಾಂವಿ ಕಡೆಯವರು. ಅಫೇಸಿಯಾ, ಅಂದರೆ ಮಿದುಳಿನ ಪೆಟ್ಟಿನಿಂದ ಭಾಷೆ ಕೆಡುವುದು, ಅದನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ (ವ್ಯಾಬ್) ಕನ್ನಡ ರೂಪ ಎಲ್ಲರಿಗೂ ಮಾಡಿಯಾಗಿದೆ. ಚಿತ್ರ ನೋಡಿ ವಿವರಿಸಿದ ಆಡಿಯೋ ಇದೆ. 27 ಜನರದು ಎಂಆರ್‌ಐ, 15 ಜನರದು ಬರೀ ಸಿಟಿ. ಸ್ಟ್ರೋಕ್ ಆಗಿ 3 ವಾರ ಆದವರೂ ಇದ್ದಾರೆ, 4 ವರ್ಷ ಆದವರೂ ಇದ್ದಾರೆ.

ಎಂಆರ್‌ಐ ಇರುವ 27 ಜನರನ್ನಷ್ಟೇ ತಗೊಂಡು ಎಂಆರ್‌ಐಕ್ರಾನ್ (ಸ್ಕ್ಯಾನ್ ನೋಡುವ ತಂತ್ರಾಂಶ) ಜೊತೆಗೆ ಬರುವ ಮ್ಯಾಪಿಂಗ್ ಪ್ರೋಗ್ರಾಮ್‌ನಲ್ಲಿ ವ್ಯಾಬ್ ಫ್ಲುಯೆನ್ಸಿ (ಮಾತಿನ ಸರಾಗತೆ) ಅಂಕಕ್ಕೆ ಒಂದು ಸಲ ಓಡಿಸಿದಾಗ ಎಡ ಇನ್ಸುಲಾದ (ಮಿದುಳಿನ ಪಕ್ಕದ ಮಡಿಕೆಯೊಳಗೆ ಅಡಗಿದ ಭಾಗ) ಮೇಲೆ ದೊಡ್ಡ ಕೆಂಪು ಮಚ್ಚೆ ಬಂತು. ಗೈಡ್ ಖುಷಿಯಾಗಿದ್ದಾರೆ. ನನಗೆ ಅನುಮಾನ.

ಕೇಳಬೇಕಾದದ್ದು ಇಷ್ಟು. ಈ ಇನ್ಸುಲಾ ಫಲಿತಾಂಶ ನಂಬಬಹುದಾ? ಸಿಟಿ ಮತ್ತು ಎಂಆರ್‌ಐ ಒಟ್ಟಿಗೆ ಸೇರಿಸಬಹುದಾ? ಮೂರು ಜನರಿಗೆ ಅಫೇಸಿಯಾ ಅಂತ ಹೇಳುವಷ್ಟೇನೂ ಇಲ್ಲ, ಆದರೆ ಸ್ಟ್ರೋಕ್ ನಂತರ ಉಗ್ಗು ಶುರುವಾಗಿದೆ. ಅವರನ್ನು ಒಳಗಿಡಬೇಕಾ, ಹೊರಗಾ?

ಕೆಲಗೇರಿ ಕ್ರಾಸ್

ಸ್ಕ್ಯಾನ್ ವಿಷಯ ಆಮೇಲೆ ನೋಡೋಣು. ಮೊದಲು ನಿಮ್ಮ ಅಂಕ ಏನು ಅಳೀತೈತಿ ಅನ್ನೋದು ನೋಡ್ರಿ.

ವ್ಯಾಬ್ ಫ್ಲುಯೆನ್ಸಿ 0ರಿಂದ 10ರ ಸ್ಕೇಲ್. ಅದರಾಗ ಮಾತಿನ ಉದ್ದ, ತಡೆ, ರಾಗ, ವ್ಯಾಕರಣ, ತಪ್ಪು ಶಬ್ದ ಎಲ್ಲಾ ಒಂದೇ ಪಾತ್ರೆಗೆ ಸುರಿದಾರ. 4 ಅಂದ್ರ ತಡವರಿಸೋ ತಂತಿ ಭಾಷೆ. 7 ಅಂದ್ರ ಸರಾಗ ಹರಿಯೋ ಆದರ ಅರ್ಥ ಇಲ್ಲದ ಜಾರ್ಗನ್. 8 ಅಂದ್ರ ಬಳಸಿ ಬಳಸಿ ಹೇಳೋದು. 4ರಿಂದ 5ಕ್ಕ ಹೋಗೋದು ಮತ್ತ 6ರಿಂದ 7ಕ್ಕ ಹೋಗೋದು ಒಂದೇ ಜಾತಿಯ ಬದಲಾವಣೆ ಅಲ್ಲ. ಆದರ ಮ್ಯಾಪಿಂಗ್ ಪ್ರೋಗ್ರಾಮ್‌ಗೆ ಅದು ಗೊತ್ತಾಗಂಗಿಲ್ಲ, ಸಮ ಅಂತರದ ಮೆಟ್ಟಿಲು ಅಂತ ತಿಳಕೊಂಡು ರಿಗ್ರೆಶನ್ ಮಾಡತೈತಿ. 0–4 ಮತ್ತ 5–10 ಅಂತ ಎರಡು ಗುಂಪು ಮಾಡಿದ್ರ ಇದ್ದ ಮಾಹಿತಿನೂ ಹೋಗತೈತಿ.

ಆಡಿಯೋ ಐತಿ ಅಂದಿರಲ್ಲ, ಅದೇ ನಿಮ್ಮ ಆಸ್ತಿ. ಅದರಿಂದ ಬ್ಯಾರೆ ಬ್ಯಾರೆ ಅಳತಿ ತಗೀರಿ: ನಿಮಿಷಕ್ಕ ಎಷ್ಟು ಅಕ್ಷರ, ಒಂದು ಉಸಿರಿನ ಮಾತು ಎಷ್ಟು ಉದ್ದ, ಮೌನದ ಪ್ರಮಾಣ ಎಷ್ಟು, ವ್ಯಾಕರಣ ಕೂಡಿದ ವಾಕ್ಯ ಎಷ್ಟು. ಅಪ್ರಾಕ್ಸಿಯಾ ಆಫ್ ಸ್ಪೀಚ್ (ಬಾಯಿಯ ಚಲನೆ ಹೊಂದಿಸಾಕ ಆಗದ್ದು) ಮತ್ತ ಡಿಸಾರ್ಥ್ರಿಯಾ (ಮಾತಿನ ಸ್ನಾಯು ಸೋತದ್ದು) ಬ್ಯಾರೆ ಕಾಲಂನಾಗ ಇರಬೇಕು. ಒಬ್ಬರು ಶಬ್ದ ನೆನಪಾಗದ ನಿಲ್ಲತಾರ, ಒಬ್ಬರು ಬಾಯಿ ಹೊಂದಿಸಾಕ ಆಗದ ನಿಲ್ಲತಾರ, ಒಬ್ಬರು ವಾಕ್ಯ ಕಟ್ಟಾಕ ಆಗದ ನಿಲ್ಲತಾರ. ಮೂವರಿಗೂ ವ್ಯಾಬ್ 4 ಬರಬಹುದು, ಮೂವರ ಪೆಟ್ಟೂ ಮೂರು ಕಡೆ ಇರತೈತಿ. ಹಂಗ ಕೂಡಿಸಿದ್ರ ಮ್ಯಾಪ್‌ನಾಗ ಬರೋದು ಮೂರಕ್ಕೂ ನಡುವಿನ ಜಾಗ. ನಿಮ್ಮ ಇನ್ಸುಲಾ ಮಚ್ಚಿಗೆ ಇದೂ ಒಂದು ಕಾರಣ ಇರಬಹುದು.

ಅಪ್ರಾಕ್ಸಿಯಾ ಬೇರ್ಪಡಿಸಾಕ ಪ-ಪ-ಪ, ಟ-ಟ-ಟ, ಕ-ಕ-ಕ ಒಂದೊಂದಾಗಿ ಹೇಳಿಸಿ, ಆಮ್ಯಾಲೆ ಪಟಕ-ಪಟಕ ಹೇಳಿಸ್ರಿ. ಒಂಟಿ ಅಕ್ಷರ ಪರವಾಗಿಲ್ಲ, ಪಟಕದಾಗ ಎಡವತಾರ, ಪ್ರತಿ ಅಕ್ಷರ ಬಿಡಿ ಬಿಡಿ ಆಗಿ ಬರತೈತಿ ಅಂದ್ರ ಅಪ್ರಾಕ್ಸಿಯಾ ಕಡೆ ವಾಲತೈತಿ. ಎಲ್ಲದರಾಗೂ ಒಂದೇ ನಮೂನಿ ನಿಧಾನ, ದನಿ ಮೆತ್ತಗ, ಅಂದ್ರ ಡಿಸಾರ್ಥ್ರಿಯಾ.

ಈಗ ಎಣಿಕೆ. ಇಂಗ್ಲಿಷ್ ಪೇಪರ್‌ನಾಗ ನಿಮಿಷಕ್ಕ ಇಷ್ಟು ಶಬ್ದ ಅಂತ ಇರತೈತಿ. ಅದನ್ನ ಹಂಗ ತರಬ್ಯಾಡ್ರಿ. "ಹೆಣ್ಮಗಳು ಹಿಟ್ಟು ನಾದಾಕತ್ತಾಳ" ಅಂದ್ರ ಮೂರು ಶಬ್ದ, 11 ಅಕ್ಷರ. ವಿಭಕ್ತಿ, ಕಾಲ, ಲಿಂಗ ಎಲ್ಲಾ ಶಬ್ದದ ಬಾಲಕ್ಕ ಅಂಟಿಕೊಂಡಿರತಾವ. ಶಬ್ದ ಎಣಿಸಿದ್ರ ಚಲೋ ಮಾತಾಡವರೂ ಕಡಿಮಿ ಕಾಣತಾರ. ಮತ್ತ "ನಾದಾಕತ್ತಾಳ" ಒಂದು ಶಬ್ದನೋ, "ನಾದಾಕ ಹತ್ತ್ಯಾಳ" ಅಂತ ಎರಡೋ ಅನ್ನೋ ಜಗಳ ಬ್ಯಾರೆ. ಅಕ್ಷರ ಎಣಿಸ್ರಿ, ಜಗಳ ಮುಗೀತು.

ವ್ಯಾಕರಣ ತಪ್ಪು ಗುರುತು ಮಾಡವರು ಬೆಂಗಳೂರು-ಮೈಸೂರು ಕಡೆಯವರಾಗಿದ್ರ ಹುಷಾರ್. "ಮನ್ಯಾಗ ಅದಾನ", "ಹೋಗ್ಯಾರ", "ಕೊಟ್ಟೀನಿ" ಇವನ್ನ ಪ್ರತ್ಯಯ ಲೋಪ ಅಂತ ಹಾಕಿಬಿಟ್ರ ನವಲಗುಂದದ ರೈತನಿಗೆ ಸುಳ್ಳೇ ಅಗ್ರಮ್ಯಾಟಿಸಂ (ವ್ಯಾಕರಣ ಬಿಟ್ಟುಹೋಗೋದು) ಬರತೈತಿ. ಲೋಪ ಅಂದ್ರ "ಹೆಣ್ಮಗಳು… ಹಿಟ್ಟು… ನಾದು… ಹಂಚು… ರೊಟ್ಟಿ" ಹಿಂಗ, ಬಾಲ ಉದುರಿದ್ದು. ನಿಯಮ ಮೊದಲೇ ಬರದಿಟ್ಟುಕೊಂಡು ಇಬ್ಬರು ಬ್ಯಾರೆ ಬ್ಯಾರೆ ಕೂತು ಗುರುತು ಮಾಡ್ರಿ, ಸ್ಕ್ಯಾನ್ ನೋಡದ.

ಪ್ರಾಟ್ (ದನಿ ಅಳೆಯೋ ತಂತ್ರಾಂಶ) ಸ್ಕ್ರಿಪ್ಟ್ ಹಚ್ಚಿ ಮೌನ ಅಳೆಯೋದಾದ್ರ ಇನ್ನೊಂದು ಬಲೆ ಐತಿ. ಎಲ್ಲಾರೂ 250 ಮಿಲಿಸೆಕೆಂಡ್ ದಾಟಿದ್ದು ಮೌನ ಅಂತ ಹಾಕತಾರ. ಕನ್ನಡದಾಗ ಹಿಟ್ಟು, ರೊಟ್ಟಿ, ಹತ್ತಿ, ಬೆಕ್ಕು ಅಂತ ದ್ವಿತ್ವ ತುಂಬ್ಯಾವ. ಟ್ಟ ಅನ್ನುವಾಗ ಬಾಯಿ ಮುಚ್ಚಿದ ಹೊತ್ತು ದನಿ ಇರಂಗಿಲ್ಲ. ನಿಧಾನ ಮಾತಾಡೋ ಅಫೇಸಿಯಾ ರೋಗಿಯಲ್ಲಿ ಆ ಮುಚ್ಚಿದ ಹೊತ್ತೇ 250 ದಾಟಬಹುದು, ಸ್ಕ್ರಿಪ್ಟ್ ಅದನ್ನ ಶಬ್ದದ ನಡುವಿನ ತಡೆ ಅಂತ ಎಣಿಸತೈತಿ. ಟೆಕ್ಸ್ಟ್‌ಗ್ರಿಡ್ (ಪ್ರಾಟ್ ಗುರುತು ಹಾಕಿದ ಕಡತ) ತಗದು ಕೈಯಿಂದ ತಿದ್ದಬೇಕು, ಬ್ಯಾರೆ ದಾರಿ ಇಲ್ಲ. ಓಪಿಡಿ ಫ್ಯಾನ್ ಸದ್ದಿದ್ದ ಆಡಿಯೋದಾಗ ಸ್ಕ್ರಿಪ್ಟ್ ಇನ್ನೂ ಕೆಡತೈತಿ. ವಾಟ್ಸಾಪ್‌ನಾಗ ಕಳಿಸಿದ ದನಿ ಅಂತೂ ಅಳತಿಗೆ ಬ್ಯಾಡ, ಮೂಲ ವೇವ್ ಫೈಲ್ ಹುಡುಕ್ರಿ.

ಚಿತ್ರದ ಜೊತಿಗೆ ಒಂದು ಕ್ರಮ ಹೇಳಿಸಿದ್ರ ಚಲೋ ಇತ್ತು, ಜೋಳದ ರೊಟ್ಟಿ ಮಾಡೋದು ಹೆಂಗ, ಕೂರಿಗಿ ಹೊಡಿಯೋದು ಹೆಂಗ ಅಂತ. ಗೆರೆ ಚಿತ್ರ ನೋಡಿ ರೂಢಿ ಇಲ್ಲದವರು ಚಿತ್ರಕ್ಕ ಬರೀ ಹೆಸರು ಹೇಳತಾರ, ಅದು ಅಫೇಸಿಯಾದಿಂದಲ್ಲ. ಮತ್ತ ಹಿಂಗ ಮಾತಾಡೋ ಸರಾಗ, ಒಂದು ನಿಮಿಷದಾಗ ಪ್ರಾಣಿ ಹೆಸರು ಹೇಳೋ ಫ್ಲುಯೆನ್ಸಿ ಟೆಸ್ಟ್, ಇವೆರಡನ್ನ ಒಂದೇ ಕಾಲಂಗೆ ತರಬ್ಯಾಡ್ರಿ. ಎರಡನೇದು ಪದ ಹುಡುಕೋದು, ಯೋಜನೆ ಮಾಡೋದು.

ಬೆಟಗೇರಿ ರೇಡಿಯೋ

ಸಿಟಿ ಬಗ್ಗೆ. ಯಾವ ದಿನದ ಸಿಟಿ ಅನ್ನೋದು ಮುಖ್ಯ. ಆಸ್ಪತ್ರೆಗೆ ಬಂದ ಕೂಡಲೇ ತೆಗೆದ ಸಿಟಿ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡೋಕೆ, ಅದರಲ್ಲಿ ಇನ್‌ಫಾರ್ಕ್ಟ್ (ರಕ್ತ ನಿಂತು ಸತ್ತ ಭಾಗ) ಬಹಳ ಸಲ ಕಾಣೋದೇ ಇಲ್ಲ. ಅದರ ಮೇಲೆ ಮಾಸ್ಕ್ (ಲೀಶನ್‌ನ ಗಡಿ ಗುರುತು) ಬರೆದರೆ ಇಲ್ಲದ್ದನ್ನು ಬರೆದ ಹಾಗೆ. ಎರಡು-ಮೂರನೇ ವಾರದ ಸಿಟಿ ಕೂಡ ಮೋಸ ಮಾಡತದೆ. ಆಗ ಫಾಗಿಂಗ್ ಅಂತ ಆಗಿ ಸತ್ತ ಭಾಗ ಸುತ್ತಲಿನ ಮಿದುಳಿನ ಬಣ್ಣಕ್ಕೇ ಬಂದುಬಿಡತದೆ, ಲೀಶನ್ ಕಿರಿದಾಗಿ ಕಾಣತದೆ. ನಿಮ್ಮಲ್ಲಿ 3 ವಾರದವರು ಇದ್ದಾರೆ ಅಂದಿರಿ, ಅವರ ಸ್ಕ್ಯಾನ್ ದಿನಾಂಕ ಮತ್ತೆ ನೋಡಿ.

ಎಂಆರ್‌ಐನಲ್ಲಿ ಮೊದಲ ವಾರದ್ದಾದರೆ ಡಿಫ್ಯೂಷನ್ (ನೀರಿನ ಚಲನೆ ತೋರಿಸೋ) ಬಿ-1000 ಚಿತ್ರದ ಮೇಲೆ ಬರೆಯಿರಿ, ಅದರದೇ ಎಡಿಸಿ ನಕ್ಷೆ ಪಕ್ಕದಲ್ಲಿ ಇಟ್ಟುಕೊಂಡು. ಡಿಫ್ಯೂಷನ್‌ನಲ್ಲಿ ಬೆಳ್ಳಗೆ, ಎಡಿಸಿಯಲ್ಲಿ ಕಪ್ಪಗೆ, ಎರಡೂ ಇದ್ದರೆ ಹೊಸ ಇನ್‌ಫಾರ್ಕ್ಟ್. ಎರಡರಲ್ಲೂ ಬೆಳ್ಳಗಿದ್ದರೆ ಅದು ಟಿ2 ಹೊಳಪು, ಹಳೆಯದಿರಬಹುದು. ಆರು ತಿಂಗಳು ದಾಟಿದ್ದರೆ ಟಿ1 ಮತ್ತು ಫ್ಲೇರ್ ಅನ್ನೋ ಎಂಆರ್‌ಐ ಚಿತ್ರ ಸಾಕು: ಟಿ1ನಲ್ಲಿ ನೀರು ತುಂಬಿದ ಗುಳಿ, ಫ್ಲೇರ್‌ನಲ್ಲಿ ಅದರ ಸುತ್ತ ಬಿಳಿ ಅಂಚು. ಗುಳಿ ಮತ್ತು ಅಂಚು ಎರಡೂ ಮಾಸ್ಕ್ ಒಳಗೆ. ಹಿಗ್ಗಿದ ವೆಂಟ್ರಿಕಲ್ ಹೊರಗೆ. ಬಿಪಿ, ಶುಗರ್ ಇರುವವರ ಎರಡೂ ಬದಿಯ ಬಿಳಿ ಚುಕ್ಕೆಗಳನ್ನು ಸ್ಟ್ರೋಕ್ ಮಾಸ್ಕ್‌ಗೆ ಸೇರಿಸಬೇಡಿ. ಅವಕ್ಕೆ ಫಜೆಕಾಸ್ ಗ್ರೇಡ್ (ಬಿಳಿ ಚುಕ್ಕೆಗಳ ತೀವ್ರತೆಯ ಅಂಕ) ಬೇರೆ ಕೊಡಿ, ಮುಂದೆ ಬೇಕಾಗತದೆ.

ಫಿಲ್ಮ್ ಮಾತ್ರ ಇದ್ದರೆ ಬಿಡಿ. ಕವರ್‌ನಲ್ಲಿರೋ ಫಿಲ್ಮ್‌ನ ಫೋಟೋ ಹೊಡೆದು ಲೀಶನ್ ಬರೆಯೋಕೆ ಬರೋದಿಲ್ಲ. ಡೈಕಾಮ್ (ಸ್ಕ್ಯಾನರ್‌ನ ಮೂಲ ಡಿಜಿಟಲ್ ಕಡತ) ಸಿಡಿ ಸಿಕ್ಕರೆ ಮಾತ್ರ.

ಸತ್ತೂರ ವೋಕ್ಸೆಲ್

ಮೇಲಿನ ಇಬ್ಬರೂ ಹೇಳಿದ್ದಕ್ಕೆ ಮುಂದುವರಿಕೆ.

ಡೈಕಾಮ್‌ನಿಂದ ನಿಫ್ಟಿಗೆ (ಸಂಶೋಧನೆಯ ಪ್ರೋಗ್ರಾಮ್‌ಗಳು ಓದುವ ಕಡತ) ಬದಲಿಸಲು ಡಿಸಿಎಂ2ನಿಕ್ಸ್ ತಂತ್ರಾಂಶ ಬಳಸಿ. ಸಿಟಿಯಲ್ಲಿ ಗ್ಯಾಂಟ್ರಿ ಓರೆ ಮಾಡಿ ತೆಗೆದಿದ್ದರೆ ಅದು ಹೆಸರಿನ ಕೊನೆಗೆ 'ಟಿಲ್ಟ್' ಅಂತ ಇರುವ ಇನ್ನೊಂದು ಕಡತ ಕೊಡುತ್ತದೆ. ಸ್ಲೈಸ್ ದಪ್ಪ ನಡುವೆ ಬದಲಾಗಿದ್ದರೆ 'ಇಕ್ಯು' ಅಂತ ಮತ್ತೊಂದು. ಮುಂದಿನ ಕೆಲಸಕ್ಕೆ ಇವೇ ಬೇಕು. ಮೂಲ ಕಡತ ಎತ್ತಿಕೊಂಡರೆ ತಲೆಬುರುಡೆ ಹಿಂದಕ್ಕೆ ವಾಲಿದಂತೆ ಬಂದು ನಾರ್ಮಲೈಸೇಶನ್ (ಎಲ್ಲರ ಮಿದುಳನ್ನೂ ಒಂದೇ ಮಾದರಿ ಮಿದುಳಿಗೆ ಕೂರಿಸುವುದು) ಪೂರಾ ಕೆಡುತ್ತದೆ. ಕಡತದ ಹೆಸರಿನಲ್ಲಿ ರೋಗಿಯ ಹೆಸರು ಬರದ ಹಾಗೆ ಮೊದಲೇ ಹೊಂದಿಸಿ. ತೆಳು ಸ್ಲೈಸ್ ಟಿ1ನಿಂದ ಮುಖವನ್ನೇ ಮತ್ತೆ ಕಟ್ಟಬಹುದು, ಆದ್ದರಿಂದ ಯಾರಿಗಾದರೂ ಹಂಚುವ ಮುನ್ನ ಮುಖದ ಭಾಗ ಅಳಿಸಿ.

ಎಡ-ಬಲ. ರೇಡಿಯಾಲಜಿ ಪರದೆಯಲ್ಲಿ ರೋಗಿಯ ಎಡ ನಮ್ಮ ಬಲಕ್ಕೆ ಇರುತ್ತದೆ, ನ್ಯೂರೋ ಇಮೇಜಿಂಗ್ ಪ್ರೋಗ್ರಾಮ್‌ಗಳಲ್ಲಿ ಎರಡೂ ಪದ್ಧತಿ ಇವೆ. ಬಲಗೈ ಸೋತವರ ಮಾಸ್ಕ್ ಎಡಕ್ಕಿದೆಯಾ ಎಂದು 42 ಕಡತಗಳನ್ನೂ ಒಂದೊಂದಾಗಿ ಕೇಸ್ ಶೀಟ್ ಜೊತೆ ತಾಳೆ ನೋಡಿ. ಮಾಸ್ಕ್‌ಗಳನ್ನು ಒಂದರ ಮೇಲೊಂದು ಹೇರಿದಾಗ ಬಲಗಡೆ ಒಂದೇ ಒಂದು ವೋಕ್ಸೆಲ್ (ಚಿತ್ರದ ಸಣ್ಣ ಘನ ಚುಕ್ಕೆ) ಕಂಡರೂ ಅದು ಯಾರದು ಎಂದು ಹುಡುಕಬೇಕು. ಒಂದೋ ಚಿತ್ರ ತಿರುಗಿದೆ, ಇಲ್ಲಾ ಅವರಿಗೆ ಬಲಗಡೆ ಹಳೆಯ ಸ್ಟ್ರೋಕ್ ಇದೆ.

ಟೆಂಪ್ಲೇಟ್‌ಗೆ (ಮಾದರಿ ಮಿದುಳಿಗೆ) ಕೂರಿಸುವುದು: ಎಸ್‌ಪಿಎಂ (ಮಿದುಳಿನ ಚಿತ್ರಗಳ ತಂತ್ರಾಂಶ) ಒಳಗೆ ಕ್ಲಿನಿಕಲ್ ಟೂಲ್‌ಬಾಕ್ಸ್ ಹಾಕಿ. ಅದರಲ್ಲಿ ಸಿಟಿಗೆ ಪ್ರತ್ಯೇಕ ಟೆಂಪ್ಲೇಟ್ ಇದೆ, ಅದೂ ಸ್ಟ್ರೋಕ್ ಆಗುವ ವಯಸ್ಸಿನವರ ಮಿದುಳಿನಿಂದ ಮಾಡಿದ್ದು. ಮೊದಲು ಆಂಟೀರಿಯರ್ ಕಮಿಶರ್ (ಮಿದುಳಿನ ಎರಡು ಬದಿ ಜೋಡಿಸುವ ಸಣ್ಣ ಎಳೆ) ಮೇಲೆ ಮೂಲಬಿಂದು ಇಡಿ. ಇದನ್ನು ಬಿಟ್ಟರೆ ಹೊಂದಿಕೆ ಎಲ್ಲೆಲ್ಲಿಗೋ ಹೋಗುತ್ತದೆ, ಎಷ್ಟೋ ಜನ ಆಗ ಟೂಲ್‌ಬಾಕ್ಸ್‌ನ ತಪ್ಪು ಎಂದುಕೊಳ್ಳುತ್ತಾರೆ. ಎಂಆರ್‌ಐಗೆ ಎನಾಂಟಿಯೋಮಾರ್ಫಿಕ್ ವಿಧಾನ ಆರಿಸಿ: ಲೀಶನ್ ಇರುವ ಜಾಗಕ್ಕೆ ಬಲಗಡೆಯ ಆರೋಗ್ಯವಂತ ಭಾಗವನ್ನು ಕನ್ನಡಿಯಂತೆ ತಿರುಗಿಸಿ ತುಂಬಿ, ಆಮೇಲೆ ಟೆಂಪ್ಲೇಟ್‌ಗೆ ಎಳೆಯುವುದು. ಹಾಗೆ ಮಾಡದಿದ್ದರೆ ದೊಡ್ಡ ಗುಳಿಯನ್ನು ತುಂಬಲು ಪ್ರೋಗ್ರಾಮ್ ಸುತ್ತಲಿನ ಒಳ್ಳೆಯ ಮಿದುಳನ್ನೇ ಎಳೆದು ಲೀಶನ್ ಕುಗ್ಗಿಸುತ್ತದೆ. ಎರಡೂ ಬದಿ ಪೆಟ್ಟಿದ್ದರೆ ಈ ಉಪಾಯ ನಡೆಯದು, ಆಗ ಲೀಶನ್ ಜಾಗವನ್ನು ಲೆಕ್ಕದಿಂದ ಮುಚ್ಚುವ ಹಳೆಯ ಮಾಸ್ಕಿಂಗ್ ವಿಧಾನವೇ ಗತಿ. ಮಾಸ್ಕ್ ಮರುಮಾದರಿ ಆದಾಗ 0.5ಕ್ಕೆ ಕತ್ತರಿಸಿ ಮತ್ತೆ 0-1 ಮಾಡಿ. ಇಲ್ಲದಿದ್ದರೆ 0.2, 0.3 ಬೆಲೆಯ ಅಂಚು ಉಳಿದು ಗಾತ್ರದ ಲೆಕ್ಕ ತಪ್ಪುತ್ತದೆ. ಗಾತ್ರ ಅಂದರೆ, 2 ಮಿ.ಮೀ. ವೋಕ್ಸೆಲ್ ಒಂದಕ್ಕೆ 0.008 ಮಿ.ಲೀ. 12,500 ವೋಕ್ಸೆಲ್ ಅಂದರೆ 100 ಮಿ.ಲೀ.

ಸಿಟಿ, ಎಂಆರ್‌ಐ ಸೇರಿಸಬಹುದು. ಆದರೆ ಸಿಟಿಯಲ್ಲಿ ಕಾರ್ಟೆಕ್ಸ್‌ನ (ಮಿದುಳಿನ ಹೊರಪದರ) ಸಣ್ಣ ಪೆಟ್ಟು ತಪ್ಪುತ್ತದೆ. ಜೊತೆಗೆ ಯಾರಿಗೆ ಬರೀ ಸಿಟಿ ಆಗಿದೆ ಅನ್ನುವುದು ಕಾಕತಾಳೀಯ ಅಲ್ಲ. ತೀರಾ ಗಂಭೀರ ಇದ್ದವರು, ದೂರದಿಂದ ಬಂದವರು, ಹಣದ ಅಡಚಣೆ ಇದ್ದವರು ಆ ಗುಂಪಿನಲ್ಲಿ ಹೆಚ್ಚಿರುತ್ತಾರೆ. ಸ್ಕ್ಯಾನ್ ಬಗೆಯನ್ನು ಒಂದು ಚರಾಂಶವಾಗಿ ಇಟ್ಟು, 27 ಎಂಆರ್‌ಐ ಮಾತ್ರದ ಫಲಿತಾಂಶವನ್ನೂ ಪಕ್ಕದಲ್ಲೇ ಕೊಡಿ.

ಇನ್ನು ಇನ್ಸುಲಾ. ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. 1996ರಲ್ಲಿ ನೀನಾ ಡ್ರಾಂಕರ್ಸ್ 'ನೇಚರ್'ನಲ್ಲಿ ಬರೆದದ್ದು: ಅಪ್ರಾಕ್ಸಿಯಾ ಇದ್ದ 25 ಜನರಿಗೂ ಎಡ ಇನ್ಸುಲಾದ ಒಂದೇ ಮಡಿಕೆಯಲ್ಲಿ ಪೆಟ್ಟಿತ್ತು, ಅಪ್ರಾಕ್ಸಿಯಾ ಇಲ್ಲದ 19 ಜನರಿಗೆ ಅಲ್ಲಿ ಇರಲಿಲ್ಲ. 2004ರಲ್ಲಿ ಆರ್ಗೈ ಹಿಲ್ಲಿಸ್ ತಂಡ ಪ್ರಶ್ನೆಯನ್ನು ತಲೆಕೆಳಗು ಮಾಡಿತು. ಇನ್ಸುಲಾ ಪೆಟ್ಟಿದ್ದ 40, ಇಲ್ಲದ 40 ಜನರನ್ನು ಸ್ಟ್ರೋಕ್ ಆದ ಹೊಸತರಲ್ಲೇ ಡಿಫ್ಯೂಷನ್, ಪರ್ಫ್ಯೂಷನ್ (ರಕ್ತದ ಹರಿವು) ಎರಡರಿಂದಲೂ ನೋಡಿದರೆ ಅಪ್ರಾಕ್ಸಿಯಾ ಇನ್ಸುಲಾ ಜೊತೆ ಹೋಗಲಿಲ್ಲ, ಎಡ ಮುಂಭಾಗದ ಬ್ರೋಕಾ ಪ್ರದೇಶದ ಜೊತೆ ಹೋಯಿತು. ಕಾರಣ ರಕ್ತನಾಳ. ಮಿಡಲ್ ಸೆರೆಬ್ರಲ್ ಆರ್ಟರಿ ಕಟ್ಟಿದಾಗ ಯಾವ ದೊಡ್ಡ ಸ್ಟ್ರೋಕ್ ಆದರೂ ಇನ್ಸುಲಾ ಹೆಚ್ಚುಕಡಿಮೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಸ್ಟ್ರೋಕ್ ಆದವರಿಗೆ ಮಾತು ಹೆಚ್ಚು ಕೆಟ್ಟಿರುತ್ತದೆ. ಹಾಗಾಗಿ ಯಾವ ಅಂಕ ಕೊಟ್ಟರೂ ಇನ್ಸುಲಾ ಹೊಳೆಯುತ್ತದೆ.

ಪರೀಕ್ಷಿಸುವುದು ಸುಲಭ. ಫ್ಲುಯೆನ್ಸಿ ಅಂಕ ತೆಗೆದು ಆ ಜಾಗದಲ್ಲಿ ಬಲಗೈಯ ಶಕ್ತಿಯ ಅಂಕ ಹಾಕಿ ಅದೇ ಪ್ರೋಗ್ರಾಮ್ ಓಡಿಸಿ. ಅದೇ ಮಚ್ಚೆ ಬಂದರೆ ನಿಮ್ಮ ಕೈಯಲ್ಲಿರುವುದು ಮಾತಿನ ನಕ್ಷೆ ಅಲ್ಲ, ರಕ್ತನಾಳದ ನಕ್ಷೆ.

ತೋಳನಕೆರೆ

ಎಲ್ಲರಿಗೂ ಧನ್ಯವಾದ. ಕೈ ಶಕ್ತಿಯ ಅಂಕ ಕೇಸ್ ಶೀಟ್‌ನಲ್ಲಿತ್ತು, ಹಾಕಿ ನೋಡಿದೆ. ಮಚ್ಚೆ ಸ್ವಲ್ಪ ಮೇಲಕ್ಕೆ ಸರಿಯಿತು, ಆದರೆ ಮುಕ್ಕಾಲು ಭಾಗ ಅದೇ ಜಾಗ. ಲೀಶನ್ ಗಾತ್ರವನ್ನು ನಿಯಂತ್ರಿಸಿದರೆ ಎರಡರಲ್ಲೂ ಏನೂ ಉಳಿಯುವುದಿಲ್ಲ! ಹಾಗಾದರೆ ಈ ಡೇಟಾದಲ್ಲಿ ಏನೂ ಇಲ್ಲ ಅಂತಲೇ?

ಸತ್ತೂರ ವೋಕ್ಸೆಲ್

ಹಾಗಲ್ಲ. ಕೇಳಿದ ಪ್ರಶ್ನೆ ಈ ಡೇಟಾಗೆ ದೊಡ್ಡದಾಯಿತು, ಅಷ್ಟೇ. 2 ಮಿ.ಮೀ. ಟೆಂಪ್ಲೇಟ್‌ನಲ್ಲಿ ಮಿದುಳು ಅಂದರೆ 2 ಲಕ್ಷಕ್ಕೂ ಹೆಚ್ಚು ವೋಕ್ಸೆಲ್. ಕನಿಷ್ಠ 5 ಜನರಿಗಾದರೂ ಪೆಟ್ಟು ಬಿದ್ದ ವೋಕ್ಸೆಲ್ ಮಾತ್ರ ಅಂತ ಮಿತಿ ಹಾಕಿದರೂ ಹತ್ತಾರು ಸಾವಿರ ಉಳಿಯುತ್ತವೆ. ಪರ್ಮ್ಯುಟೇಶನ್ ಮಾಡಿ (ಅಂಕಗಳನ್ನು ಮತ್ತೆ ಮತ್ತೆ ಕಲಸಿ ನೋಡಿ) ಸರಿಯಾಗಿ ತಿದ್ದಿದರೆ 42 ಜನರಲ್ಲಿ ಭಾರೀ ಪರಿಣಾಮ ಮಾತ್ರ ದಾಟುತ್ತದೆ, ತಿದ್ದದಿದ್ದರೆ ಗದ್ದಲವೂ ದಾಟುತ್ತದೆ. ಸಪೋರ್ಟ್ ವೆಕ್ಟರ್ ತರಹದ ಬಹುಚರ ವಿಧಾನಕ್ಕೆ ಹೋಗೋಣ ಅಂದರೆ ಅದು ಇನ್ನೂ ಹೊಟ್ಟೆಬಾಕ, ಸ್ಥಿರವಾಗಲು ನೂರರ ಮೇಲೆ ಜನ ಬೇಕು.

ಆದ್ದರಿಂದ ವೋಕ್ಸೆಲ್ ಬಿಡಿ, ನರಪಥ ಹಿಡಿಯಿರಿ. ನಿರರ್ಗಳತೆಯ ವಿಷಯದಲ್ಲಿ ಹಳೆಯ ಸಾಕ್ಷ್ಯ ಹೋಗಿ ನಿಂತಿರುವುದೂ ಬಿಳಿ ದ್ರವ್ಯದಲ್ಲೇ, ಅಂದರೆ ನರಪಥಗಳಲ್ಲೇ. 2003ರ ಬೇಟ್ಸ್ ತಂಡದ ಅಧ್ಯಯನ, ಅಂದರೆ ವೋಕ್ಸೆಲ್ ಮ್ಯಾಪಿಂಗ್ ಅನ್ನು ಎಲ್ಲರಿಗೂ ಪರಿಚಯ ಮಾಡಿಸಿದ 101 ಜನರ ಅಧ್ಯಯನದಲ್ಲಿ, ಇನ್ಸುಲಾ ಜೊತೆಗೆ ಪರೈಟಲ್ ಭಾಗದ ಆಳದ ಬಿಳಿ ದ್ರವ್ಯವೂ ಫ್ಲುಯೆನ್ಸಿಗೆ ಬಂದಿತ್ತು. 2013ರಲ್ಲಿ ಫ್ರಿಡ್ರಿಕ್ಸನ್ ತಂಡ ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್‌ನ (ಹಿಂದಿನ, ಮುಂದಿನ ಭಾಷಾ ಪ್ರದೇಶಗಳನ್ನು ಜೋಡಿಸುವ ಬಿಲ್ಲಿನಾಕಾರದ ಪಥ) ಮುಂಭಾಗದ ತುಂಡನ್ನು ಬೊಟ್ಟು ಮಾಡಿ ತೋರಿಸಿತು. ಫ್ರಾಂಟಲ್ ಅಸ್ಲಾಂಟ್ ಪಥ, ಅಂದರೆ ಮೇಲಿನ ಸಪ್ಲಿಮೆಂಟರಿ ಮೋಟಾರ್ ಪ್ರದೇಶದಿಂದ ಕೆಳಗಿನ ಬ್ರೋಕಾ ಪ್ರದೇಶಕ್ಕೆ ಓರೆಯಾಗಿ ಇಳಿಯುವ ಎಳೆ, ಮಾತು ಶುರು ಮಾಡುವುದಕ್ಕೆ ಸಂಬಂಧಪಟ್ಟದ್ದು. ಬ್ರೋಕಾ ಪ್ರದೇಶಕ್ಕೆ ಮಾತ್ರ ಸಣ್ಣ ಪೆಟ್ಟು ಬಿದ್ದರೆ ಶಾಶ್ವತ ಬ್ರೋಕಾ ಅಫೇಸಿಯಾ ಉಳಿಯುವುದಿಲ್ಲ ಎಂದು ಮೋರ್ 1970ರ ದಶಕದಲ್ಲೇ ಹೇಳಿದ್ದರು. ಬ್ರೋಕಾ 1861ರಲ್ಲಿ ವಿವರಿಸಿದ ರೋಗಿಯ ಮಿದುಳು ಪ್ಯಾರಿಸ್‌ನಲ್ಲಿ ಉಳಿದಿತ್ತಲ್ಲ, ಅದನ್ನೇ ಎಂಆರ್‌ಐಗೆ ಹಾಕಿ 2007ರಲ್ಲಿ ನೋಡಿದಾಗಲೂ ಪೆಟ್ಟು ಆಳದ ಪಥಗಳವರೆಗೆ ಹೋಗಿತ್ತು.

ಮಾಡುವ ರೀತಿ: ಪ್ರತಿ ಪಥಕ್ಕೂ ಲೀಶನ್ ಹೊರೆ ಲೆಕ್ಕ ಹಾಕಿ. ಪಥದ ಸಂಭಾವ್ಯತಾ ನಕ್ಷೆಯ ಒಟ್ಟು ಮೊತ್ತ ಕೆಳಗೆ, ಮಾಸ್ಕ್ ಒಳಗೆ ಬಿದ್ದ ಭಾಗದ ಮೊತ್ತ ಮೇಲೆ. ಬಿಸಿಬಿ ಟೂಲ್‌ಕಿಟ್‌ನ ಟ್ರ್ಯಾಕ್ಟೋಟ್ರಾನ್ ಹೆಚ್ಚುಕಡಿಮೆ ಇದೇ ಕೆಲಸ ಮಾಡಿಕೊಡುತ್ತದೆ, ಡಿಫ್ಯೂಷನ್ ಟೆನ್ಸರ್ ಸ್ಕ್ಯಾನ್ ಇಲ್ಲದವರಿಗೂ ನಡೆಯುತ್ತದೆ. ನಂತರ ಸಾಮಾನ್ಯ ರಿಗ್ರೆಶನ್. 42 ಜನರಿಗೆ ನಾಲ್ಕು ಚರಾಂಶಕ್ಕಿಂತ ಹೆಚ್ಚು ಹಾಕಬೇಡಿ: ಆರ್ಕ್ಯುಯೇಟ್ ಮುಂಭಾಗ, ಅಸ್ಲಾಂಟ್, ಒಟ್ಟು ಗಾತ್ರ, ಸ್ಟ್ರೋಕ್ ಆಗಿ ಕಳೆದ ತಿಂಗಳು (ಲಾಗ್ ತೆಗೆದು). ಫಲಿತ ಚರಾಂಶ ನಿಮಿಷಕ್ಕೆ ಎಷ್ಟು ಅಕ್ಷರ ಅನ್ನುವುದು. ಸ್ಕ್ಯಾನ್ ಬಗೆ ಐದನೆಯದಾಗುತ್ತದೆ, ಅದನ್ನು ಬೇರೆ ಓಟದಲ್ಲಿ ಪರೀಕ್ಷಿಸಿ. ಎರಡು ಪಥಗಳ ಹೊರೆ ಒಂದಕ್ಕೊಂದು ಅಂಟಿಕೊಂಡಿದ್ದರೆ, ಅಂದರೆ ಆ ಅಂಟನ್ನು ಅಳೆಯುವ ವಿಐಎಫ್ 5 ದಾಟಿದರೆ, ಯಾವುದು ನಿಜವಾದ ಕಾರಣ ಎಂದು ಈ ಡೇಟಾ ಹೇಳಲಾರದು ಎಂದೇ ಬರೆಯಿರಿ. ಅದೇ ಮಾದರಿಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಅಂಕಕ್ಕೂ ಓಡಿಸಿ. ಆರ್ಕ್ಯುಯೇಟ್ ಅಕ್ಷರದ ವೇಗವನ್ನು ಹೇಳಿ, ಗ್ರಹಿಕೆಯನ್ನು ಹೇಳದಿದ್ದರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ನೃಪತುಂಗ ಬೆಟ್ಟ

ಗಾತ್ರ ನಿಯಂತ್ರಣದ ಬಗ್ಗೆ ಒಂದು ಭಿನ್ನಾಭಿಪ್ರಾಯ. ಗಾತ್ರ ಹಾಕಿದರೆ ನಿಜವಾದ ಪರಿಣಾಮವೂ ಸಾಯುವ ಸಾಧ್ಯತೆ ಇದೆ. ಉದ್ದದ ಪಥಗಳಿಗೆ ಪೆಟ್ಟು ಬೀಳಬೇಕಾದರೆ ಲೀಶನ್ ದೊಡ್ಡದೇ ಇರಬೇಕು, ಎರಡೂ ಕೂಡಿಯೇ ಬರುತ್ತವೆ. ತೋಳನಕೆರೆಯವರಿಗೆ ಏನೂ ಉಳಿಯಲಿಲ್ಲ ಅನ್ನುವುದಕ್ಕೆ ಇದೂ ಕಾರಣ ಇರಬಹುದು. ಗಾತ್ರ ಸೇರಿಸಿ ಒಂದು, ಸೇರಿಸದೆ ಒಂದು, ಎರಡೂ ಕೋಷ್ಟಕ ಕೊಡುವುದು ಪ್ರಾಮಾಣಿಕ.

ಗಾತ್ರ ಹಾಕಿದ ಮಾತ್ರಕ್ಕೆ ರಕ್ತನಾಳದ ಸಮಸ್ಯೆ ಬಗೆಹರಿಯುವುದೂ ಇಲ್ಲ. 2014ರಲ್ಲಿ ಮಾಹ್, ನಾಚೆವ್ ಮತ್ತಿತರರು 581 ಲೀಶನ್ ಇಟ್ಟುಕೊಂಡು ತೋರಿಸಿದ್ದು ಇದನ್ನೇ: ವೋಕ್ಸೆಲ್‌ಗಳು ಸ್ವತಂತ್ರವಾಗಿ ಸಾಯುವುದಿಲ್ಲ, ನಾಳದ ಕೊಂಬೆಯ ಪ್ರಕಾರ ಗುಂಪಾಗಿ ಸಾಯುತ್ತವೆ, ಹಾಗಾಗಿ ನಕ್ಷೆಯ ಶಿಖರ ನಿಜವಾದ ಜಾಗದಿಂದ ಪಕ್ಕಕ್ಕೆ ಜಾರುತ್ತದೆ. ಸತ್ತೂರ ಅವರು ಹೇಳಿದ ಕೈ ಶಕ್ತಿಯ ಪರೀಕ್ಷೆ ಇದಕ್ಕೆ ಒಳ್ಳೆಯ ಅಗ್ಗದ ಕಾವಲು.

ಕೈ ಬಳಕೆಯನ್ನು ಯಾರೂ ಕೇಳಲಿಲ್ಲ. ಎಡಗೈಯವರನ್ನು ಪತ್ತೆ ಮಾಡಲು "ಯಾವ ಕೈಯಲ್ಲಿ ಉಣ್ಣತೀರಿ, ಬರೀತೀರಿ" ಎಂದು ಕೇಳಿದರೆ ನಮ್ಮ ಕಡೆ ಎಲ್ಲರೂ ಬಲಗೈ. ಚಿಕ್ಕವರಿದ್ದಾಗ ಬೈದು ಬದಲಿಸಿರುತ್ತಾರೆ. ಕಲ್ಲು ಒಗೆಯುವುದು, ಕುಡಗೋಲು ಹಿಡಿಯುವುದು, ಕಡ್ಡಿ ಗೀರುವುದು ಕೇಳಿ. ಸ್ಟ್ರೋಕ್ ನಂತರ ಬಲಗೈ ಸೋತು ಎಡಗೈ ಬಳಸುತ್ತಿದ್ದರೆ ಮನೆಯವರನ್ನು ಕೇಳಬೇಕು. ಮನೆಮಾತು ಉರ್ದು, ಮರಾಠಿ ಇದ್ದವರ ಪಟ್ಟಿಯೂ ಬೇಕು. ಎರಡನೆಯ ಭಾಷೆಯಲ್ಲಿ ಅಳೆದ ನಿಧಾನ ಲೀಶನ್‌ನದೇ ಎಂದು ಹೇಳುವ ಹಾಗಿಲ್ಲ.

ಕೆಲಗೇರಿ ಕ್ರಾಸ್

ಉಗ್ಗಿನ ಮೂರು ಜನರ ಪ್ರಶ್ನೆ ಹಂಗ ಉಳೀತು. ಅವರನ್ನ ಮುಖ್ಯ ಮಾದರಿಯಿಂದ ಹೊರಗಿಡ್ರಿ. ಅವರ ಅಕ್ಷರದ ವೇಗ ಕಡಿಮಿ ಇರತೈತಿ, ಕಾರಣ ಬ್ಯಾರೆ. ಒಳಗಿಟ್ರ ಆರ್ಕ್ಯುಯೇಟ್ ಲೆಕ್ಕ ಕೆಡತೈತಿ.

ಮೊದಲು ಖಾತ್ರಿ ಮಾಡಿಕೋರಿ. ಸಣ್ಣವರಿದ್ದಾಗ ಉಗ್ಗಿತ್ತಾ, ಮನಿಯಾಗ ಯಾರಿಗಾದರೂ ಐತಾ ಅಂತ ಹಿರಿಯರನ್ನ ಕೇಳ್ರಿ. ಹಳೇ ಉಗ್ಗು ಸ್ಟ್ರೋಕ್ ನಂತರ ತಿರುಗಿ ಬಂದಿರಬಹುದು. ಔಷಧ ಪಟ್ಟಿನೂ ನೋಡ್ರಿ, ಕೆಲವು ಫಿಟ್ಸ್ ಮತ್ತ ಮಾನಸಿಕ ಔಷಧದಿಂದಲೂ ಬರತೈತಿ. ಸ್ಟ್ರೋಕ್‌ನಿಂದ ಬಂದ ಉಗ್ಗಿನಾಗ ತಡೆ ಶಬ್ದದ ಮೊದಲ ಅಕ್ಷರಕ್ಕಷ್ಟೇ ಇರಂಗಿಲ್ಲ, ನಡುವನೂ ಬರತೈತಿ, "ಮತ್ತ", "ಆಮ್ಯಾಲೆ" ಅನ್ನೋ ಸಣ್ಣ ಶಬ್ದಕ್ಕೂ ಬರತೈತಿ. ಒಂದೇ ಪ್ಯಾರಾ ಐದು ಸಲ ಓದಿಸಿದ್ರ ಸಾಮಾನ್ಯ ಉಗ್ಗು ಕಡಿಮಿ ಆಗತೈತಿ, ಇದು ಬಹಳ ಸಲ ಆಗಂಗಿಲ್ಲ. ಓದಾಕ ಬರದವರಿಗೆ ವಾರದ ಹೆಸರು, ತಿಂಗಳ ಹೆಸರು ಹೇಳಿಸ್ರಿ, ಅದರಾಗೂ ತಡೆ ಉಳಿದ್ರ ಅದೂ ಒಂದು ಸುಳಿವು. ಅಪ್ರಾಕ್ಸಿಯಾದವರು ಸರಿ ದನಿ ಹುಡುಕ್ಯಾಡಿ ಎಡವತಾರ, ಉಗ್ಗಿನವರಿಗೆ ದನಿ ಸರಿ ಇರತೈತಿ, ಬರೇ ಮರುಕಳಿಸತೈತಿ. ಕಡಿಮಿ ಅಂದ್ರೂ 300 ಅಕ್ಷರದ ಮಾತು ತಗೊಂಡು ಶೇಕಡಾ ಎಷ್ಟು ಅಕ್ಷರ ಉಗ್ಗಿದ್ರು ಅಂತ ಬರೀರಿ.

ಸತ್ತೂರ ವೋಕ್ಸೆಲ್

ಆ ಮೂವರ ಮಾಸ್ಕ್ ಎಸೆಯಬೇಡಿ. ಮೂವರಲ್ಲಿ ನಕ್ಷೆ ಆಗುವುದಿಲ್ಲ, ಆದರೆ ಮೂರು ಪ್ರಕರಣ ವರದಿ ಅಂತ ಒಂದು ಅಧ್ಯಾಯ ಆಗುತ್ತದೆ. ಸ್ಟ್ರೋಕ್ ಉಗ್ಗಿನ ಲೀಶನ್‌ಗಳು ಒಂದೇ ಜಾಗದಲ್ಲಿ ಸಿಗುವುದೇ ಇಲ್ಲ. ಥೈಸ್ ತಂಡದ 2013ರ ಕೆಲಸದಲ್ಲಿ ಎಡಗಡೆ ಕಾರ್ಟೆಕ್ಸ್, ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ನಡುವಿನ ಬಿಳಿ ದ್ರವ್ಯ ಎಲ್ಲ ಬಂದವು. 2024ರಲ್ಲಿ ಅದೇ ಥೈಸ್ ಮತ್ತು ಸಹೋದ್ಯೋಗಿಗಳು ಲೀಶನ್ ನೆಟ್‌ವರ್ಕ್ ಮ್ಯಾಪಿಂಗ್ ಬಳಸಿದರು. ಪ್ರತಿ ಲೀಶನ್ ಆರೋಗ್ಯವಂತರ ಕನೆಕ್ಟೋಮ್‌ನಲ್ಲಿ (ಮಿದುಳಿನ ಸಂಪರ್ಕಗಳ ನಕ್ಷೆ) ಯಾವ ಜಾಗಕ್ಕೆ ಜೋಡಿಕೊಂಡಿದೆ ಎಂದು ನೋಡುವ ವಿಧಾನ ಇದು. ಚದುರಿದ್ದ ಲೀಶನ್‌ಗಳು ಎಡ ಪುಟಾಮೆನ್ (ಬೇಸಲ್ ಗ್ಯಾಂಗ್ಲಿಯಾದ ಒಂದು ಭಾಗ) ಸುತ್ತಲಿನ ಒಂದೇ ಜಾಲಕ್ಕೆ ಸೇರಿದವು. ನಿಮ್ಮ ಮೂವರ ಪೆಟ್ಟು ಪುಟಾಮೆನ್ ಮೇಲೇ ಇದೆಯಾ, ಪಕ್ಕದಲ್ಲಾ, ದೂರವಾ ಎಂದು ಬರೆದರೂ ಉಪಯುಕ್ತ.

ಈ ವಿಧಾನವನ್ನು ಎಲ್ಲ 42 ಜನಕ್ಕೂ ಹಚ್ಚುವ ಆಸೆ ಬರಬಹುದು, ಪ್ರೋಗ್ರಾಮ್ ಸುಲಭ ಇದೆ. ಆದರೆ ಕನೆಕ್ಟೋಮ್‌ನ ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ಲೀಶನ್‌ಗಳೂ ಹೋಗಿ ಸೇರುತ್ತವೆ. ಉಗ್ಗಿಲ್ಲದ, ಗಾತ್ರದಲ್ಲಿ ಹೊಂದುವ ಲೀಶನ್‌ಗಳ ಗುಂಪನ್ನು ಎದುರಿಗಿಟ್ಟು ಹೋಲಿಸದಿದ್ದರೆ ಬಂದ ಚಿತ್ರಕ್ಕೆ ಬೆಲೆ ಇಲ್ಲ.

ತೋಳನಕೆರೆ

ಸರಿ, ಮೂವರನ್ನು ಬೇರೆ ಇಟ್ಟು 39 ಜನರಲ್ಲಿ ಪಥದ ಹೊರೆ ಮಾಡುತ್ತೇನೆ. ಕೊನೆಯ ಪ್ರಶ್ನೆ: ಮಾಸ್ಕ್ ಬರೆಯಲು ಇಬ್ಬರು ಬೇಕೇ ಬೇಕಾ? ಸಿಗುತ್ತಿರುವುದು ಒಬ್ಬರೇ ರೇಡಿಯಾಲಜಿ ಪಿಜಿ.

ಬೆಟಗೇರಿ ರೇಡಿಯೋ

ಎಲ್ಲ ನೀವು ಬರೆಯಿರಿ, ಐಟಿಕೆ-ಸ್ನ್ಯಾಪ್ ತಂತ್ರಾಂಶದಲ್ಲಿ, ಮಾತಿನ ಅಂಕ ಮುಚ್ಚಿಟ್ಟು. ಪಿಜಿ ಹತ್ತು ಕೇಸ್ ಸ್ವತಂತ್ರವಾಗಿ ಬರೆಯಲಿ: ಎಂಆರ್‌ಐ ಆರು, ಸಿಟಿ ನಾಲ್ಕು, ದೊಡ್ಡ-ಸಣ್ಣ ಬೆರೆಸಿ. ಇಬ್ಬರ ಮಾಸ್ಕ್ ಎಷ್ಟು ಹೊಂದತವೆ ಅಂತ ಹೇಳೋ ಡೈಸ್ ಅಂಕ 0.8 ದಾಟಿದರೆ ಸಾಕು. ಸಣ್ಣ ಲೀಶನ್‌ನಲ್ಲಿ ಅಂಚಿನ ನಾಲ್ಕು ವೋಕ್ಸೆಲ್ ಹೆಚ್ಚುಕಡಿಮೆ ಆದರೂ ಡೈಸ್ ದಡಕ್ಕನೆ ಬೀಳತದೆ, ಅದಕ್ಕೆ ಹೆದರಬೇಡಿ, ಅಲ್ಲಿ ಗಾತ್ರದ ವ್ಯತ್ಯಾಸ ಮಿ.ಲೀ. ಲೆಕ್ಕದಲ್ಲಿ ಕೊಡಿ. ಸಿಟಿ ನಾಲ್ಕರಲ್ಲಿ ಇಬ್ಬರಿಗೂ ಹೊಂದದಿದ್ದರೆ ಆ 15ನ್ನೂ ಮತ್ತೊಮ್ಮೆ ಕೂತು ನೋಡಬೇಕಾಗತದೆ. ಸಿಟಿ ವಿಂಡೋ (ಪರದೆಯ ಬೂದು ಬಣ್ಣದ ವ್ಯಾಪ್ತಿ) ಅಗಲ 40, ಲೆವೆಲ್ 40ರ ಹತ್ತಿರ ಇಟ್ಟು ನೋಡಿ, ಅಗಲ 80ಕ್ಕೆ ಇಟ್ಟು ಬರೆದವರೇ ಹೆಚ್ಚು ತಪ್ಪಿಸೋದು.